ಬ್ಯಾಂಡ್ ಮೇಷ್ಟ್ರು ಕಾಯುತ್ತಿದ್ದ ಜವಾಬು

ಎಮರ್ಜೆನ್ಸಿ ಕಾಲದಲ್ಲಿ ಶಿವನಿ ಊರಿನ ಒಂದು ಮದುವೆಗೆ ಅಡುಗೆ ಮಾಡಲು ಹೋಗಿದ್ದೆ. ತರೀಕೆರೆಯಿಂದ ಬ್ಯಾಂಡ್ ಸೆಟ್ ಬಂದಿತ್ತು. ಅದರ ಮೇಷ್ಟ್ರು ಹಿಂದೆ ಬೆಂಗಳೂರು ದಂಡು ಪ್ರದೇಶದ ಹೋಟೆಲಿನಲ್ಲಿ ಬಿಳಿ ದೊರೆಗಳ ಕುಣಿತಕ್ಕೆ ಜಾಜ್ ಬ್ಯಾಂಡ್ ನಡೆಸಿದವರಂತೆ, ಯಾವಳೋ ಹಾಡುವವಳ ಸಹವಾಸಕ್ಕೆ ಬಿದ್ದು ಕೆಟ್ಟರಂತೆ. ಇಂಥ ಸುದ್ದಿ ಕಿವಿಗೆ ಬಿದ್ದರೆ ನನಗೆ ಒಲೆ ಮೇಲಿನ ಸಾರೂ ಮರೆತುಹೋಗುತ್ತದೆ.

ದಿಬ್ಬಣದಲ್ಲಿ ಮೇಷ್ಟ್ರು ಸ್ಯಾಕ್ಸೊಫೋನ್ ಚೆಂದವಾಗಿ ಊದುತ್ತಾ ಊದುತ್ತಾ ಇದ್ದಕ್ಕಿದ್ದಂತೆ ನಿಲ್ಲಿಸಿ ಪಕ್ಕಕ್ಕೆ ನೋಡುವರು. ಪಕ್ಕದವನು ಬೆಪ್ಪನಂತೆ ನಿಂತಿರುವನು. ಹೆಣ್ಣಿನಪ್ಪ ಸಿಡುಕಿದ.

"ಇನ್ನೊಂದ್ಸಲ ನಿಲ್ಸಿದ್ರೆ ಈಗ್ಲೇ ರೈಲು ಹತ್ತಿಸ್ತೀನಿ ಕಣಯ್ಯಾ!"

ಮೇಷ್ಟ್ರು ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ.

"ಏನ್ ಮೇಷ್ಟ್ರೇ, ಮರ್ತೋಯ್ತಾ, ಇಲ್ಲಾ ಏರಿಸ್ಕಂಡ್ ಬಂದಿದ್ರಾ?"

"ಇಲ್ಲ ಕಣಮ್ಮ. ಜಾಜ್‌ನಲ್ಲಿ ಒಬ್ರು ಊದಿ ಬಿಟ್ರೆ ಇನ್ನೊಬ್ರು ಅದಕ್ಕೆ ಜವಾಬು ಕೊಡ್ಬೇಕು. ಹಳೇ ಅಭ್ಯಾಸ, ಕಾಯ್ತೀನಿ."

"ಜವಾಬು ಕೊಡ್ತಿದ್ದೋಳು ಆ ಹಾಡೋಳೇ ತಾನೆ?"

"ಅವಳೇ. ಸತ್ತೋದ್ಲು."

ಇಷ್ಟು ಸಲೀಸಾಗಿ ಒಪ್ಪಿಕೊಂಡವರ ಮೇಲೆ ಚಾಡಿ ಹೇಳುವುದಾದರೂ ಏನು? ಇನ್ನೊಂದು ಸೌಟು ಪಾಯಸ ಬಡಿಸಿದೆ.

ಸಂಜೆ ಹೆಣ್ಣು ಕಳಿಸುವಾಗ ಊದುತ್ತಿದ್ದ ಹಾಡಿನಲ್ಲಿ ಅವರು ನಿಲ್ಲಿಸುವ ಅದೇ ಜಾಗ ಬಂತು. ಹೆಣ್ಣಿನಪ್ಪ ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದ. ಮೇಷ್ಟ್ರು ಈ ಸಲ ಪಕ್ಕಕ್ಕೆ ನೋಡಲಿಲ್ಲ. ಕಣ್ಣು ಮುಚ್ಚಿ, ದನಿ ತೆಳ್ಳಗೆ ಮಾಡಿ, ಅವಳ ಜವಾಬನ್ನೂ ತಾವೇ ಊದಿಬಿಟ್ಟರು. ಜನ ಚಪ್ಪಾಳೆ ತಟ್ಟಿದರು.

ನಾನೂ ಮನೆಯಲ್ಲಿ ಸತ್ತ ಗಂಡನನ್ನು ಬೈದು, ಅವರ ಪರವಾಗಿ ನಾನೇ ಜವಾಬು ಕೊಟ್ಟುಕೊಳ್ಳುತ್ತೇನೆ. ಅದಕ್ಕೆ ಮಾತ್ರ ಪಕ್ಕದ ಮನೆಯವರು ಮುದುಕಿಗೆ ಮರುಳು ಅಂತಾರೆ.