ಹಳೆಯದನ್ನು ಅಳಿಸುವ ಮುನ್ನ

ಆ ಹೆರಿಗೆ ಆಸ್ಪತ್ರೆಯಲ್ಲಿ ಅವಳಿಗೆ 'ಇನ್ನೊಂದ್ಸಲ ಅಕ್ಕ' ಎಂದೇ ಹೆಸರು. ಬಾಗಿಲಿಗೆ ಬೀಗ ಹಾಕಿ ನಾಲ್ಕು ಮೆಟ್ಟಿಲು ಇಳಿದವಳು, "ಇನ್ನೊಂದ್ಸಲ ನೋಡ್ಬಿಡ್ತೀನಿ" ಎಂದು ವಾಪಸ್ಸು ಹತ್ತಿ ಬೀಗ ಜಗ್ಗುತ್ತಾಳೆ. ನರ್ಸುಗಳು ಮುಸಿಮುಸಿ ನಗುತ್ತಾರೆ. ನಗಲಿ ಬಿಡಿ, ಇಷ್ಟು ವರ್ಷದಲ್ಲಿ ಅವಳು ನೋಡಿಕೊಳ್ಳುವ ಕಂಪ್ಯೂಟರ್ ನೆಟ್‌ವರ್ಕ್ ಕೈಕೊಟ್ಟದ್ದನ್ನು ಅವರ್ಯಾರೂ ಕಂಡಿಲ್ಲ.

ಮೂರನೇ ಮಹಡಿಯ ಮೆಟ್ಟಿಲ ಪಕ್ಕದ ಇಕ್ಕಟ್ಟು ಕೋಣೆಯಲ್ಲಿ ಅವಳ ಸ್ವಿಚ್ಚಿದೆ. ಗೋಡೆಯ ಮೇಲೆ ಒತ್ತುವ ಸ್ವಿಚ್ಚಲ್ಲ. ಅದು ಅವಳ ಗಂಡನ ಪಾಲಿನದು, ಅವನು ಅಲ್ಲಿಯೇ ಎಲೆಕ್ಟ್ರಿಷಿಯನ್. ಇವಳದು ಮೈತುಂಬ ಕೇಬಲ್ ಚುಚ್ಚಿಸಿಕೊಂಡ ಚಪ್ಪಟೆ ಪೆಟ್ಟಿಗೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನಿಟ್ಟ ಕೋಣೆಯ ಕ್ಯಾಮೆರಾ ಚಿತ್ರಗಳನ್ನು ಬಾಣಂತಿಯರ ವಾರ್ಡಿನ ಪರದೆಗಳಿಗೆ ಮುಟ್ಟಿಸುವುದು ಅದೇ. ಮಂಚದಿಂದ ಏಳಲಾಗದ ತಾಯಂದಿರು ತಮ್ಮ ಮಗುವನ್ನು ನೋಡುವುದು ಆ ಪರದೆಯಲ್ಲಿ.

ಗಂಡನ ಜೊತೆ ಅವಳು ಮಾತು ಬಿಟ್ಟು ಸುಮಾರು ದಿನವಾಗಿತ್ತು. ಕಾರಣ ಒಂದು ಹೊಲಿಗೆ ಮಷೀನು. ತೀರಿಹೋದ ಅವಳ ಅಮ್ಮ ತುಳಿದದ್ದು, ಕಿರುಗುಟ್ಟುವ ಹಳೆಯದು. ಹೆಂಡತಿಯನ್ನು ಖುಷಿಪಡಿಸೋಣವೆಂದು ಆ ಮಹರಾಯ ಅದನ್ನು ಗುಜರಿಗೆ ಹಾಕಿ ಹೊಸದು ತಂದ. ಅವಳು ಪೆಟ್ಟಿಗೆ ಬಿಚ್ಚಲೂ ಇಲ್ಲ. "ಹೊಸದು ಹೆಂಗಿದ್ಯೋ ಏನೋ ನೋಡ್ದೆ, ಹಳೇದನ್ನ ಎತ್ತಿ ಎಸೆದ್ಬಿಟ್ರಲ್ಲಾ" ಎಂದದ್ದೇ ಕೊನೆಯ ಮಾತು. ಆಮೇಲೆ ಅಡುಗೆ ಮಾಡಿ ಬಡಿಸುತ್ತಿದ್ದಳು, ಡಬ್ಬಿ ಕಟ್ಟುತ್ತಿದ್ದಳು, ತುಟಿ ಮಾತ್ರ ಬಿಚ್ಚುತ್ತಿರಲಿಲ್ಲ. ಪೆಟ್ಟಿಗೆ ಹಜಾರದಲ್ಲಿ ಕೂತಿತ್ತು. ಇಬ್ಬರೂ ಅದನ್ನು ಸುತ್ತಿಕೊಂಡು ಓಡಾಡುತ್ತಿದ್ದರು.

ಅಂದು ಬೆಳಿಗ್ಗೆ ಅವಳು ಸ್ವಿಚ್ಚಿಗೆ ಹೊಸ ಸಾಫ್ಟ್‌ವೇರ್ ಹಾಕಲು ಕೂತಳು. ಸ್ವಿಚ್ಚನ್ನು ನಡೆಸುವ ಸಾಫ್ಟ್‌ವೇರೆಲ್ಲ ಒಂದೇ ಫೈಲಾಗಿ ಅದರೊಳಗಿರುತ್ತದೆ. ಕರೆಂಟು ಹೋಗಿ ಬಂದಾಗ ಅದನ್ನು ಓದಿಕೊಂಡೇ ಸ್ವಿಚ್ಚು ಏಳುವುದು. ಹೊಸ ಫೈಲು ಇಳಿಸಬೇಕು, ಅದು ಪೂರ್ತಿ ಸರಿಯಾಗಿ ಬಂದಿದೆಯೇ ಎಂದು ತಾಳೆ ನೋಡಬೇಕು, ಆಮೇಲಷ್ಟೇ ಹಳೆಯದನ್ನು ಅಳಿಸಬೇಕು. ನಿದ್ದೆಯಲ್ಲೂ ತಪ್ಪದ ಈ ಕ್ರಮ ಅವತ್ತು ತಪ್ಪಿತು. ಮನಸ್ಸು ಹಜಾರದ ಪೆಟ್ಟಿಗೆಯ ಹತ್ತಿರವಿತ್ತು, ಕೈ ಮಾತ್ರ ಇಲ್ಲಿತ್ತು. ಹಳೆಯದನ್ನು ಅಳಿಸಿ ಆಮೇಲೆ ತಾಳೆ ನೋಡಿದಳು. ಹೊಸದು ಕೆಟ್ಟಿತ್ತು.

ಸ್ವಿಚ್ಚು ಇನ್ನೂ ಓಡುತ್ತಿತ್ತು, ಮೊದಲೇ ಓದಿಕೊಂಡದ್ದರ ಬಲದಿಂದ. ಆದರೆ ಒಮ್ಮೆ ಕರೆಂಟು ಹೋದರೆ ಮತ್ತೆ ಏಳುವುದಕ್ಕೆ ಒಳಗೆ ಏನೂ ಇರಲಿಲ್ಲ. ಕೂಸುಗಳ ಯಂತ್ರಗಳಿಗೆ ತಮ್ಮದೇ ಬ್ಯಾಟರಿ ಇತ್ತು, ಇವಳ ಸ್ವಿಚ್ಚಿನದು ರಿಪೇರಿಗೆ ಹೋಗಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಜನರೇಟರ್ ಪರೀಕ್ಷೆ, ಅದಕ್ಕೆ ಮೇನ್ ತೆಗೆದು ಕರೆಂಟು ನಿಲ್ಲಿಸುವವನು ಅವಳ ಗಂಡ. ಪರದೆಗಳು ಎರಡು ನಿಮಿಷ ಆರುತ್ತವೆಂದು ತಾಯಂದಿರಿಗೆ ಹೇಳಿಯಾಗಿತ್ತು. ಈಗ ಆರಿದರೆ, ಸತ್ತ ಸ್ವಿಚ್ಚಿಗೆ ಬೇರೆ ದಾರಿಯಲ್ಲಿ ನಿಧಾನವಾಗಿ ಫೈಲು ತುಂಬಿಸಬೇಕಿತ್ತು, ಸಂಜೆಯವರೆಗೂ ಅವು ಹತ್ತುತ್ತಿರಲಿಲ್ಲ.

ಹೊಸ ಫೈಲನ್ನು ಮತ್ತೆ ಇಳಿಯಲು ಬಿಟ್ಟು ಫೋನು ತೆಗೆದುಕೊಂಡಳು. ಹಟಮಾರಿಗೆ ಮೊದಲು ಮಾತಾಡುವುದೆಂದರೆ ಹಲ್ಲು ಕೀಳಿಸಿಕೊಂಡ ಹಾಗೆ. ಆದರೂ ಒತ್ತಿದಳು.

"ರೀ... ಮೇನ್ ತೆಗೀಬೇಡಿ."

"ಏನಾಯ್ತೇ?"

"ಹೊಸದನ್ನ ನೋಡ್ದೆ ಹಳೇದನ್ನ ಅಳಿಸ್ಬಿಟ್ಟೆ. ಕರೆಂಟ್ ಹೋದ್ರೆ ಕೂಸುಗಳ ಪರದೆ ಬರಲ್ಲ."

ಈಗ ಹಂಗಿಸುತ್ತಾನೆಂದು ಅವಳು ಕಣ್ಣು ಮುಚ್ಚಿದಳು. ಹಂಗಿಸಲು ಅದಕ್ಕಿಂತ ಒಳ್ಳೆಯ ಅವಕಾಶ ಯಾವ ಗಂಡನಿಗೂ ಸಿಗಲಾರದು.

"ಎಷ್ಟೊತ್ತು ಬೇಕು?" ಎಂದನಷ್ಟೇ.

"ಅರ್ಧ ಗಂಟೆ."

"ಫೋನ್ ಇಡಬೇಡ."

ಫೋನಿನಲ್ಲೇ ಅವನ ಮೇಲಧಿಕಾರಿ ರೇಗುವುದು ಕೇಳಿಸಿತು: ಎಲ್ಲರೂ ಕಾಯ್ತಾ ಇದ್ದಾರೆ, ಇನ್ನೂ ಯಾಕೆ ತೆಗೆದಿಲ್ಲ? ಗಂಡನ ದನಿ ಮೆತ್ತಗಿತ್ತು. "ತಪ್ಪು ನಂದು ಸಾರ್. ನನ್ನ ಕೆಲ್ಸ ಇನ್ನೂ ಮುಗಿದಿಲ್ಲ. ಅರ್ಧ ಗಂಟೆ ಕೊಡಿ." ಆಮೇಲೆ ಬೈಗುಳ. ಅವನು ಒಂದಕ್ಕೂ ಎದುರಾಡಲಿಲ್ಲ. ಅವಳ ಕಣ್ಣು ತುಂಬಿ ಬಂತು. ಇಂಥವನ ಜೊತೆ ಇಷ್ಟು ದಿನ ಮೂಗಿಯ ಹಾಗಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

ಫೈಲು ಇಳಿಯಿತು. ತಾಳೆ ನೋಡಿದಳು. ಇನ್ನೊಂದು ಸಲ ನೋಡಿದಳು. ಸರಿಯಿತ್ತು.

"ಈಗ ತೆಗೀರಿ" ಎಂದಳು.

ಖಟ್ ಎಂಬ ಸದ್ದು ಫೋನಿನಲ್ಲಿ ಕೇಳಿದ ಕೂಡಲೇ ಕೋಣೆ ಕತ್ತಲಾಯಿತು. ಜನರೇಟರ್ ಗುಡುಗಿತು. ಸ್ವಿಚ್ಚಿನ ದೀಪಗಳು ಒಂದೊಂದಾಗಿ ಹತ್ತತೊಡಗಿದವು. ಅವಳು ವಾರ್ಡಿನ ಬಾಗಿಲಿಗೆ ಓಡಿದಳು. ಕಪ್ಪು ಪರದೆಯನ್ನೇ ನೋಡುತ್ತಿದ್ದ ತಾಯಿಯೊಬ್ಬಳು, "ಬಂದ್ಳು, ನನ್ನ ಮಗಳು ಬಂದ್ಳು!" ಎಂದು ದಿಂಬಿನಿಂದ ತಲೆಯೆತ್ತಿದಳು.

"ಬಂತಾ?" ಗಂಡ ಫೋನಿನಲ್ಲಿ ಕೇಳುತ್ತಿದ್ದ.

"ಬಂತು." ಸೆರಗಿನಿಂದ ಮೂಗು ಒರೆಸಿಕೊಂಡಳು. "ರೀ, ಸಂಜೆ ಆ ಪೆಟ್ಟಿಗೆ ಬಿಚ್ಚೋಣ."

"ಅಮ್ಮಂದು ಇನ್ನು ಸಿಗಲ್ಲ ಕಣೆ. ಗುಜರಿಯವನ ಹತ್ರ ದಿನಾ ಹೋಗಿ ಕೇಳ್ತಿದ್ದೀನಿ."

ದಿನಾ! ಅದಕ್ಕೇ ಸಂಜೆ ತಡವಾಗಿ ಬರುತ್ತಿದ್ದ. ಕೇಳಲು ಅವಳು ಬಾಯಿ ಬಿಟ್ಟಿರಲಿಲ್ಲ.

"ಇನ್ನು ಹೋಗ್ಬೇಡಿ" ಎಂದಳು. "ಬೇಗ ಮನೆಗೆ ಬನ್ನಿ. ಸೂಜಿಗೆ ದಾರ ನೀವೇ ಪೋಣಿಸ್ಬೇಕು, ನಂಗೆ ಈಗ ಕಣ್ಣು ಕಾಣ್ತಿಲ್ಲ."