ನೀರಿಲ್ಲದ ಕಣ್ಣು

ಡ್ರೈ ಅನ್ನುವ ಮಾತು ನಮ್ಮ ಕೋಲಾರ ಸೀಮೆಯಲ್ಲಿ ಯಾರಿಗೂ ಹೊಸದಲ್ಲ. ಹಸು ಹಾಲು ನಿಲ್ಲಿಸಿದರೆ ದನದ ಡಾಕ್ಟರು ‘ಡ್ರೈ ಆಗಿದೆ’ ಎನ್ನುತ್ತಾರೆ. ಬಾರ್ ಮುಚ್ಚಿದ ದಿನ ಊರ ಗಂಡಸರು ‘ಇವತ್ತು ಡ್ರೈ ಡೇ ಕಣೋ’ ಎಂದು ಮುಖ ಸಪ್ಪಗೆ ಮಾಡಿಕೊಂಡು ಅರಳಿಕಟ್ಟೆ ಮೇಲೆ ಕೂರುತ್ತಾರೆ. ಮಳೆ ನಂಬಿದ ನಮ್ಮ ಖುಷ್ಕಿ ಹೊಲ ಬ್ರೋಕರನ ಬಾಯಲ್ಲಿ ಡ್ರೈ ಲ್ಯಾಂಡು. ಮದುವೆ ಊಟದ ಗೋಬಿಯೂ ಡ್ರೈಯೇ. ಹಸುವನ್ನು ಯಾರೂ ಬೈಯುವುದಿಲ್ಲ, ಹಿಂಡಿ ಇಟ್ಟು ಮುಂದಿನ ಕರುವಿಗೆ ಕಾಯುತ್ತಾರೆ. ನನ್ನ ಕಣ್ಣು ಡ್ರೈ ಆದದ್ದಕ್ಕೆ ಮಾತ್ರ ಊರಿಗೆ ಊರೇ ನನ್ನನ್ನು ಬೈಯಿತು.

ನನ್ನ ತವರು ಹುತ್ತೂರಿನ ಕಡೆ, ಗಂಡನ ಮನೆ ಮಾಲೂರು. ನರಸಾಪುರದ ಕಂಪನಿಯೊಂದರಲ್ಲಿ ಭೂತಗನ್ನಡಿಯ ಕೆಳಗೆ ಸಾಸಿವೆ ಕಾಳಿನಷ್ಟು ಸಣ್ಣ ಬಿಡಿಭಾಗಗಳನ್ನು ನೋಡಿ ಕೆಟ್ಟದ್ದನ್ನು ಆರಿಸುವ ಕೆಲಸ ನನ್ನದು. ತೇವ ತಾಗಿದರೆ ಮಾಲು ಹಾಳಾಗುತ್ತದೆಂದು ಅಲ್ಲಿ ಗಾಳಿಯನ್ನೂ ಒಣಗಿಸಿ ಬಿಡುತ್ತಾರೆ. ಮಾಲಿಗೇನೂ ಆಗಲಿಲ್ಲ. ನನ್ನ ಕಣ್ಣಲ್ಲಿ ಮರಳು ಬಿದ್ದಂತೆ ಉರಿ ಶುರುವಾಯಿತು. ಕೋಲಾರದ ಕಣ್ಣಿನ ಡಾಕ್ಟರು ನೋಡಿ, ಇದು ಮೈಯಲ್ಲೇ ಇರುವ ಕಾಯಿಲೆ, ಆ ಗಾಳಿ ಹೆಚ್ಚು ಮಾಡಿದೆ ಅಷ್ಟೆ ಎಂದರು. ‘ಡ್ರೈ ಆಗಿದೆಯಮ್ಮ. ಅತ್ತರೂ ನೀರು ಬರೋದು ಕಷ್ಟ’ ಎಂದು ಹನಿ ಹಾಕಿಕೊಳ್ಳುವ ಸಣ್ಣ ಬಾಟಲಿ ಕೊಟ್ಟರು.

ಹನಿ ಹಾಕಿಕೊಳ್ಳಲು ನನಗೆ ಬರುವುದಿಲ್ಲ. ಬಾಟಲಿ ಹತ್ತಿರ ಬಂದರೆ ಸಾಕು, ರೆಪ್ಪೆ ಮುಚ್ಚಿಕೊಳ್ಳುತ್ತದೆ. ಗಂಡನಿಗೆ ತಾಳ್ಮೆ ಇಲ್ಲ. ವಾರದ ರಜೆಗೆ ತವರಿಗೆ ಹೋದಾಗ ಅಮ್ಮನೇ ಹಾಕುತ್ತಿದ್ದಳು. ರೇಷ್ಮೆ ಹುಳು ಸಾಕುವ ಮನೆಯ ಹೊಸ್ತಿಲಲ್ಲಿ ಕೂತು, ಹುಳುಗಳ ತಟ್ಟೆಗೆ ಉದುರಿಸಿದ ಸುಣ್ಣದ ಪುಡಿಯ ಕೈ ತೊಳೆದು, ನನ್ನ ತಲೆಯನ್ನು ತೊಡೆ ಮೇಲೆ ಎಳೆದುಕೊಳ್ಳುತ್ತಿದ್ದಳು.

‘ಕಣ್ ಬಿಡೇ ಮೂದೇವಿ. ಹುಳಕ್ಕೆ ಹಾಕೋ ಸೊಪ್ಪು ಒದ್ದೆ ಇರ್ಬಾರ್ದು, ನಿನ್ ಕಣ್ಣು ಒದ್ದೆ ಇರ್ಬೇಕು. ನಿಮ್ಮಿಬ್ರ ಮಧ್ಯ ನಾನು ಸಾಯ್ತೀನಿ!’

ಹಾಗಂದವಳು ಒಂದು ಬೆಳಿಗ್ಗೆ ಹುಳುಗಳಿಗೆ ಸೊಪ್ಪು ಹಾಕುತ್ತಲೇ ಕುಸಿದು ಹೋಗಿಬಿಟ್ಟಳು.

ನಮ್ಮ ಕಡೆ ಸಾವಿಗೆ ಬಂದ ಹೆಂಗಸರು ಬಾಗಿಲಿಂದಲೇ ಹಾಡಿಕೊಂಡು ಅಳುತ್ತ ಬಂದು ಮಗಳ ಕೊರಳು ಕಟ್ಟಿಕೊಳ್ಳುತ್ತಾರೆ. ಮಗಳೂ ಅವರೊಂದಿಗೆ ಅಳಬೇಕು. ಮುಂದಿನವರು ಬಂದರೆ ಮತ್ತೆ ಮೊದಲಿಂದ. ಮುಳಬಾಗಿಲಿನಿಂದ ಬಂದವರು, ಶ್ರೀನಿವಾಸಪುರದಿಂದ ಬಂದವರು, ಎಲ್ಲರೂ ನನ್ನ ಹೆಗಲು ಒದ್ದೆ ಮಾಡಿ, ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದರು. ಕರುಳು ಕಿತ್ತು ಬರುತ್ತಿತ್ತು. ಕಣ್ಣು ಮಾತ್ರ ಕೆಂಡದ ಹಾಗೆ ಉರಿಯುತ್ತಿತ್ತು. ಅಮ್ಮನ ಮುಳಬಾಗಿಲಿನ ತಂಗಿ ನನ್ನ ಗದ್ದ ಹಿಡಿದು, ತೆಲುಗು ಕನ್ನಡ ಬೆರೆಸಿ, ‘ಕಂಟ್ಲೋ ನೀಳ್ಳೇ ಲೇವಾ ನೀಕು? ಒಂದ್ ತೊಟ್ಟು ನೀರೂ ಇಲ್ವಲ್ಲೇ!’ ಎಂದಳು.

ಕಾಯಿಲೆ ಎಂದು ಹೇಳಿದೆ. ಯಾರು ನಂಬುತ್ತಾರೆ? ಅಳು ಬಾರದ ಕಾಯಿಲೆಯಂತೆ ಎಂದು ಹಿತ್ತಲಲ್ಲಿ ನಕ್ಕದ್ದೂ ಕೇಳಿಸಿತು. ನಮ್ಮ ಮನೆಗೆ ಹಿರಿಯಳು ದೊಡ್ಡಮ್ಮ, ಅಪ್ಪನ ಅಣ್ಣನ ಹೆಂಡತಿ. ಅಪ್ಪ ಹೋದ ಮೇಲೆ ಅವಳ ಮಾತೇ ನಡೆಯುವುದು. ಅವಳು ಎಲ್ಲರೆದುರಿಗೇ ನನ್ನ ಅಣ್ಣನನ್ನು ಕೇಳಿದಳು:

‘ಹೆತ್ತೋಳಿಗೆ ಅಳದ ಇವಳಿಗೆ ತವರು ಯಾಕ್ಲಾ? ತಿಥಿ ದಿನ ಮಡಿಲಕ್ಕಿ ಕಟ್ಬೇಡ, ಗೌರಿ ಹಬ್ಬಕ್ಕೂ ಕರೀಬೇಡ.’

ಅಮ್ಮ ಇಲ್ಲದ ಮನೆಗೆ ಮಗಳು ಮತ್ತೆ ಬರಬೇಕಾದರೆ ಅಣ್ಣ ಮಡಿಲು ತುಂಬಿ ಕರೆಯಬೇಕು. ಅವನು ತುಂಬದಿದ್ದರೆ ಆ ಹೊಸ್ತಿಲು, ಆ ಹಿಪ್ಪುನೇರಳೆ ತೋಟ, ಎಲ್ಲ ನನಗೆ ಮುಗಿದ ಹಾಗೆಯೇ. ಒಂದು ಮಾತು ಆಡಲಿಲ್ಲವಲ್ಲ ಮಹಾನುಭಾವ! ನನ್ನ ಕಣ್ಣಿಗೆ ಅಮ್ಮ ಹನಿ ಹಾಕುವುದನ್ನು ಎಷ್ಟೋ ಸಲ ಎದುರಿಗೆ ಕೂತು ಕಾಫಿ ಕುಡಿಯುತ್ತ ನೋಡಿದ್ದವನು.

ಮೂರನೇ ದಿನ ಹಾಲು ತುಪ್ಪ. ಹೊಲದಲ್ಲಿ ಮಣ್ಣು ಮಾಡಿದ ಜಾಗಕ್ಕೆ ಹೋಗಿ ಮಕ್ಕಳು ಹಾಲು ಬಿಡಬೇಕು. ಹೊರಡುವ ಹೊತ್ತಿಗೆ ಉರಿ ತಡೆಯಲಾಗದೆ ಹುಳುಮನೆಯ ಹೊಸ್ತಿಲಲ್ಲಿ ಕೂತು ನಾನೇ ಹನಿ ಹಾಕಿಕೊಳ್ಳಲು ನೋಡಿದೆ. ಕಣ್ಣಿಗೆ ಬಿದ್ದದ್ದಕ್ಕಿಂತ ಕೆನ್ನೆಗೆ ಬಿದ್ದದ್ದೇ ಹೆಚ್ಚು. ಅಷ್ಟರಲ್ಲಿ ಕರೆಯಲು ಬಂದ ದೊಡ್ಡಮ್ಮ ನನ್ನ ಮುಖ ನೋಡಿ ಓಡಿಬಂದು ತಬ್ಬಿಕೊಂಡಳು.

‘ಬಂತೇನೇ, ಈಗ್ಲಾದ್ರೂ ಬಂತಾ! ಕಲ್ಲೇನಲ್ಲ ಬಿಡು ನೀನು. ನಿಮ್ಮಣ್ಣಂಗೆ ಹೇಳ್ತೀನಿ, ತಿಥಿಗೆ ಮಡಿಲು ತುಂಬ್ತಾನೆ.’

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅಮ್ಮ ಕೂರುತ್ತಿದ್ದ ಜಾಗದಲ್ಲಿ ಕೂತು ಆ ಸುಳ್ಳನ್ನು ನುಂಗಲು ನನಗೆ ಆಗಲಿಲ್ಲ.

‘ಇದು ಅಳು ಅಲ್ಲ ದೊಡ್ಡಮ್ಮ, ಔಷಧಿ. ಅವತ್ತೂ ಹೇಳಿದೆ, ನೀವ್ಯಾರೂ ಕೇಳ್ಲಿಲ್ಲ’ ಎಂದು ಬಾಟಲಿ ತೋರಿಸಿದೆ.

ಅವಳು ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ತಿರುಗಿ ಹೊರಗೆ ನೋಡಿದಳು. ಅಂಗಳದಲ್ಲಿ ನೆಂಟರು ತುಂಬಿದ್ದರು. ಬೈಯುತ್ತಾಳೆ ಅಂದುಕೊಂಡೆ. ಅವಳು ನನ್ನನ್ನು ಹೊಸ್ತಿಲಿಂದ ಒಳಗೆ ಎಳೆದುಕೊಂಡು, ಬಾಗಿಲು ಅರ್ಧ ಮುಂದೆ ಮಾಡಿ ಹತ್ತಿರ ಬಂದಳು.

‘ಯಾರಿಗೂ ಹೇಳ್ಬೇಡ. ತಲೆ ಎತ್ತು, ಇನ್ನೊಂದೆರಡು ಹಾಕ್ತೀನಿ.’

ತಲೆ ಎತ್ತಿದೆ. ಅವಳಿಗೂ ಹಾಕಲು ಬರಲಿಲ್ಲ. ಹನಿಯೆಲ್ಲ ಕೆನ್ನೆಯ ಮೇಲೆ ಹರಿದು ಗದ್ದಕ್ಕೆ ಇಳಿಯಿತು, ಕಣ್ಣು ಹಾಗೇ ಉರಿಯುತ್ತ ಉಳಿಯಿತು. ನಾನು ಸೆರಗು ಎತ್ತಿದೆ. ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡಳು.

‘ಒರೆಸ್ಕೋಬೇಡ. ಎಲ್ರೂ ನೋಡ್ಲಿ’ ಎಂದು ನನ್ನನ್ನು ಅಂಗಳಕ್ಕೆ ಕರೆದುಕೊಂಡು ಹೋದಳು.