ಕಳ್ಳ ಫಾಲ್ಟು ಹಿಡಿಯುವ ಮೇಸ್ತ್ರಿ

ಮೇಸ್ತ್ರಿಯ ಮುಂದಿನ ಹಲ್ಲಿನ ಅಂಚಿನಲ್ಲಿ ಒಂದು ಕಚ್ಚು ಬಿದ್ದಿತ್ತು. ವರ್ಷಗಟ್ಟಲೆ ವೈರಿನ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿದು ಆದ ಕಚ್ಚು ಅದು. ವೈರನ್ನು ಅದರಲ್ಲಿ ಕೂರಿಸಿ ತಲೆಯನ್ನು ಪಕ್ಕಕ್ಕೆ ಒಮ್ಮೆ ಎಳೆದರೆ ಸಾಕು, ತಾಮ್ರ ಹೊಳೆಯುತ್ತ ಹೊರಗೆ ಬರುತ್ತಿತ್ತು. ಸಿಪ್ಪೆಯನ್ನು ಅಲ್ಲೇ ಉಗುಳುತ್ತಿದ್ದರು. ಅವರ ಶೆಡ್ಡಿನ ನೆಲದ ತುಂಬ ಕೆಂಪು, ಹಸಿರು, ಹಳದಿ ಚೂರುಗಳು. ಕಸ ಕಂಡರೆ ಆಗದ ನನಗೆ ಅದನ್ನು ನೋಡಿದಾಗಲೆಲ್ಲ ಕೈ ತುರಿಸುತ್ತಿತ್ತು.

"ಇಕ್ಕಳ ಇಲ್ಲೇನ್ರಿ ಮೇಸ್ತ್ರಿ?" ಎಂದು ಒಮ್ಮೆ ಕೇಳಿದೆ.

"ಇಕ್ಕಳಾನ ಹುಡುಕಬೇಕಾಗ್ತೈತಿ. ಹಲ್ಲು ಎಲ್ಲಿಟ್ಟೆ ಅಂತ ಯಾರರ ಹುಡುಕ್ತಾರೇನ್ರಿ?"

ಕೊಟ್ಟೂರಿನಲ್ಲಿ, ಹರಪನಹಳ್ಳಿ ರಸ್ತೆಯ ಬದಿಗೆ ಅವರ ಗಾಡಿ ರಿಪೇರಿಯ ತಗಡಿನ ಶೆಡ್ಡು. ಇಂಜಿನ್ನಿಗೆ ಅವರು ಕೈ ಹಾಕುತ್ತಿರಲಿಲ್ಲ. ಲೈಟು, ಹಾರನ್ನು, ಮೀಟರ್ ಬೋರ್ಡು, ಅದರ ಹಿಂದಿನ ವೈರುಗಳ ಗೋಜಲು, ಇಷ್ಟೇ ಅವರ ರಾಜ್ಯ. ಆ ರಾಜ್ಯದಲ್ಲಿ ಅವರಿಗೆ ವಿನಯ ಎಂಬುದು ಇರಲಿಲ್ಲ. ಬೇರೆಯವರು ಮಾಡಿದ ವೈರಿಂಗ್ ಕಂಡರೆ "ಇದನ್ನ ಯಾವ ಕುರುಡ ಹೆಣದಾನ?" ಎನ್ನುತ್ತಿದ್ದರು. ಅದು ತಾವೇ ಹಿಂದೊಮ್ಮೆ ಮಾಡಿದ್ದೆಂದು ಗೊತ್ತಾದರೆ "ಆಗಿನ ಕಾಲಕ್ಕ ಅದ ಸರಿ" ಎಂದು ಮುಗಿಸುತ್ತಿದ್ದರು. ಊಟವಾದ ಮೇಲೆ ರಿಪೇರಿಗೆ ಬಂದ ಯಾವುದಾದರೂ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದರು. ಕೂಡ್ಲಿಗಿಯಿಂದಲೋ ಹಗರಿಬೊಮ್ಮನಹಳ್ಳಿಯಿಂದಲೋ ಬಂದ ಗಾಡಿಯ ಮಾಲೀಕ ಬಾಗಿಲು ತೆಗೆದರೆ ಒಳಗೆ ಮೇಸ್ತ್ರಿಯ ಕಾಲುಗಳು ಕಾಣಬೇಕು.

ನಾನು ಸೈನ್ಯದಲ್ಲಿ ಲಾರಿ ಓಡಿಸಿ ನಿವೃತ್ತನಾಗಿ ತೊಂಬತ್ತರ ದಶಕದಲ್ಲಿ ಊರಿಗೆ ಮರಳಿದವನು. ಒಂದು ಹಳೆಯ ಪೆಟ್ರೋಲ್ ವ್ಯಾನು ಕೊಂಡು ಬಾಡಿಗೆಗೆ ಓಡಿಸುತ್ತಿದ್ದೆ. ಬೆಳಿಗ್ಗೆ ಎದ್ದರೆ ಮೊದಲು ನೀರು, ಆಯಿಲ್ಲು, ಗಾಳಿ, ಬ್ರೇಕು. ಆಮೇಲೆ ಚಹಾ. ಈ ಕ್ರಮ ಇವತ್ತಿಗೂ ನನ್ನ ಮೈಯಲ್ಲಿದೆ, ಗಾಡಿ ಇಲ್ಲದಿದ್ದರೂ. ಊರವರು ನನ್ನನ್ನು ಮಿಲ್ಟ್ರಿ ಎಂದೇ ಕರೆಯುತ್ತಿದ್ದರು. ಮೇಸ್ತ್ರಿಯೂ ಹಾಗೆಯೇ.

ಮೊದಲ ಸಲ ನಾನು ಅವರಲ್ಲಿಗೆ ಹೋದದ್ದು ಪೆಟ್ರೋಲ್ ಮುಳ್ಳಿನ ದೂರು ಹೊತ್ತು. ಅದು ಇದ್ದಕ್ಕಿದ್ದಂತೆ ಸೊನ್ನೆಗೆ ಬಿದ್ದು, ಸ್ವಲ್ಪ ದೂರ ಹೋದ ಮೇಲೆ ತಾನಾಗಿಯೇ ಏಳುತ್ತಿತ್ತು. ಮೇಸ್ತ್ರಿ ಕೂತಲ್ಲಿಂದಲೇ ಕೇಳಿದರು.

"ಈಗ ಬಿದ್ದೈತೇನ್ರಿ?"

"ಇಲ್ಲ. ಈಗ ಸರಿ ಐತಿ."

"ಮತ್ತ ಯಾಕ ಬಂದ್ರಿ? ಜ್ವರ ಬಿಟ್ಟ ಮ್ಯಾಲೆ ಹೋದ್ರ ಡಾಕ್ಟ್ರು ಏನ್ ನೋಡ್ತಾನ? ಜ್ವರ ಬಂದಾಗ ಬರ್ರಿ."

"ಜ್ವರ ಬಂದಾಗ ನಾನು ಕೂಡ್ಲಿಗಿ ರಸ್ತ್ಯಾಗ ಇರ್ತೀನಲ್ರಿ."

"ಹಂಗಾರ ನಾನೂ ಅಲ್ಲಿಗೇ ಬರಬೇಕು." ಎದ್ದು ಬಂದು ವ್ಯಾನಿನಲ್ಲಿ ಕೂತೇಬಿಟ್ಟರು.

ಇದೇ ಅವರ ಕೆಲಸದ ರೀತಿ. ಒಮ್ಮೆ ಬಂದು ಒಮ್ಮೆ ಹೋಗುವ ದೋಷಕ್ಕೆ ಅವರು ಕಳ್ಳ ಫಾಲ್ಟು ಎನ್ನುತ್ತಿದ್ದರು. ಅದು ಕಣ್ಣೆದುರು ಬರುವ ತನಕ ಒಂದು ಸ್ಕ್ರೂ ಸಹ ಬಿಚ್ಚುತ್ತಿರಲಿಲ್ಲ. "ಬಿಚ್ಚಿದ್ರ ಕಳ್ಳ ಎಚ್ಚರಾಗ್ತಾನ. ಒಂದು ವೈರು ಅಲುಗಾಡಿದ್ರೂ ತಿಂಗಳುಗಟ್ಲೆ ಸುಮ್ಮನಿರ್ತಾನ, ಆಮೇಲೆ ಅಡವ್ಯಾಗ ಕೈ ಕೊಡ್ತಾನ" ಎಂಬುದು ಅವರ ವಾದ. ಕಣ್ಣು ಮುಚ್ಚಿ, ಮೀಟರ್ ಬೋರ್ಡಿನ ಕೆಳಗೆ ಅಂಗೈ ಆನಿಸಿಕೊಂಡು ಕೂತಿರುತ್ತಿದ್ದರು. ಆ ದಿನ ಒಂದು ಸಣ್ಣ ಸೇತುವೆ ದಾಟುವಾಗ ಮುಳ್ಳು ಬಿತ್ತು. ನಾನು ಬ್ರೇಕ್ ಹಿಡಿಯಹೋದೆ. "ನಿಲ್ಲಿಸಬ್ಯಾಡ್ರಿ, ಹೊಡಿರಿ ಹೊಡಿರಿ" ಎಂದು ಕೈಯನ್ನು ಒಳಗೆ ತೂರಿಸಿ ಏನನ್ನೋ ಒತ್ತಿದರು. ಮುಳ್ಳು ಎದ್ದಿತು. "ಸಿಕ್ಕ" ಎಂದರು. ಗಾಡಿಯ ಕಬ್ಬಿಣದ ಮೈಗೆ ಕೂಡುವ ಅರ್ತ್ ವೈರು ಸಡಿಲವಾಗಿತ್ತಂತೆ. "ಅರ್ತ್ ಇಲ್ಲಂದ್ರ ಯಾವುದಕ್ಕೂ ಅರ್ಥ ಇಲ್ಲ, ಮಿಲ್ಟ್ರಿಯವ್ರ" ಎಂಬ ಮಾತನ್ನು ಅಂದು ಮೊದಲ ಸಲ ಕೇಳಿದೆ. ಆಮೇಲೆ ಎಷ್ಟು ಸಲ ಕೇಳಿದೆನೋ.

ಎರಡು ಸಾವಿರದ ಇಸವಿಯ ನಂತರದ ಒಂದು ವರ್ಷ ಮೇಸ್ತ್ರಿಯ ಹೆಂಡತಿಯ ಎರಡೂ ಮೂತ್ರಪಿಂಡಗಳು ಕೆಟ್ಟವು. ವಾರಕ್ಕೆರಡು ಸಲ ದಾವಣಗೆರೆಗೆ ಹೋಗಿ ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿಸಬೇಕಾಯಿತು. ಬಸ್ಸಿನಲ್ಲಿ ಹೋಗಿ ಬರುವ ಶಕ್ತಿ ಆಕೆಗೆ ಇರಲಿಲ್ಲ. ನನ್ನ ವ್ಯಾನಿನ ಹಿಂಭಾಗಕ್ಕೆ ಹಾಸಿಗೆ ಹಾಕಿದೆವು. ಮಂಗಳವಾರ, ಶುಕ್ರವಾರ ಬೆಳಕು ಹರಿಯುವ ಮುನ್ನ ಹೊರಡುವುದು, ಸಂಜೆಗೆ ಬರುವುದು. ಆಸ್ಪತ್ರೆಯಲ್ಲಿ ಯಂತ್ರಗಳು ಕಡಿಮೆ, ಕಾಯುವವರು ಬಹಳ. ಹೇಳಿದ ಹೊತ್ತಿಗೆ ಮುಟ್ಟದಿದ್ದರೆ ಪಾಳಿ ಬೇರೆಯವರಿಗೆ. ಒಂದು ಪಾಳಿ ತಪ್ಪಿದರೆ ಆಕೆ ಕಾಲು ಊದಿ, ಮಲಗಲಾಗದೆ ಗೋಡೆಗೆ ಒರಗಿ ಉಸಿರಿಗಾಗಿ ಒದ್ದಾಡುತ್ತಿದ್ದಳು. ಆದ್ದರಿಂದ ಗಾಡಿ ನಿಲ್ಲುವಂತಿರಲಿಲ್ಲ.

ಗಾಡಿ ನಿಲ್ಲತೊಡಗಿತು.

ಮೊದಲ ಸಲ, ಒಂದು ಚಳಿಯ ಬೆಳಗಿನಲ್ಲಿ ಹರಪನಹಳ್ಳಿ ಇನ್ನೂ ಬಾರದಿರುವಾಗ, ಮೀಟರ್ ಬೋರ್ಡಿನ ಮುಳ್ಳುಗಳೆಲ್ಲ ಒಟ್ಟಿಗೆ ಬಿದ್ದವು. ದೀಪಗಳು ಆರಿದವು, ಇಂಜಿನ್ ಉಸಿರು ಕಟ್ಟಿತು. ನಾನು ಬದಿಗೆ ಸರಿಸುವಷ್ಟರಲ್ಲಿ ಎಲ್ಲವೂ ಮತ್ತೆ ಜೀವ ತಾಳಿದವು. ಮುಂದಿನ ವಾರ ಮತ್ತೆ. ಆಮೇಲೆ ಎರಡು ವಾರ ಏನೂ ಇಲ್ಲ. ಮೇಸ್ತ್ರಿ ಪಕ್ಕದಲ್ಲಿ ಎಂದಿನಂತೆ ಅಂಗೈ ಆನಿಸಿ ಕೂರುತ್ತಿದ್ದರು, ಆದರೆ ಕಣ್ಣು ಮುಚ್ಚಲಾಗುತ್ತಿರಲಿಲ್ಲ. ಹಿಂದಿನಿಂದ ಆಕೆ ನರಳಿದರೆ ತಿರುಗಬೇಕು. ತಿರುಗಿದಾಗಲೇ ಮುಳ್ಳು ಬೀಳುತ್ತಿತ್ತು.

ಅರ್ತ್ ವೈರು ಹೊಸದು ಹಾಕಿದರು. ಫ್ಯೂಸಿನ ಪೆಟ್ಟಿಗೆ ಬದಲಾಯಿಸಿದರು. "ಹೋತು ಬಿಡ್ರಿ, ಇನ್ನ ಬರಂಗಿಲ್ಲ" ಎಂದರು. ಬಂತು. ಮೀಟರ್ ಬೋರ್ಡನ್ನೇ ಕಳಚಿ ಹಿಂದಿನ ಬೆಸುಗೆಗಳನ್ನೆಲ್ಲ ಮತ್ತೆ ಮಾಡಿದರು. ಈ ಸಲ "ಹೋತು" ಎನ್ನಲಿಲ್ಲ. ಅದರ ಮುಂದಿನ ಮಂಗಳವಾರ ಹರಪನಹಳ್ಳಿ ದಾಟಿದ ಮೇಲೆ ಇಂಜಿನ್ ಆರಿತು, ಹತ್ತಲಿಲ್ಲ. ಮೇಸ್ತ್ರಿ ಟೆಸ್ಟ್ ಬಲ್ಬು ಹಿಡಿದು ಕೆಳಗೆ ತಲೆ ಹಾಕಿದ್ದರು. ಹಿಂದಿನಿಂದ ಆಕೆಯ ದನಿ ಕೇಳಿತು.

"ಅಣ್ಣಾರ, ಊರ ಗಾಡಿ ಎಲ್ಲಾ ಓಡ್ತಾವ. ನನ್ನ ಗಾಡಿ ಒಂದ ನಿಲ್ತೈತಿ ನೋಡ್ರಿ. ಇವ್ರಿಗೆ ನನ್ನ ಬಿಟ್ಟು ಬರೋ ವಿಚಾರ ಐತೇನ ಕೇಳ್ರಿ."

ನಗಿಸಲೆಂದೇ ಆಡಿದ ಮಾತು. ಮೇಸ್ತ್ರಿ ನಗಲಿಲ್ಲ. ಒಂದು ಹಾಲಿನ ಲಾರಿ ನಿಲ್ಲಿಸಿ, ಆಕೆಯನ್ನು ಅದಕ್ಕೆ ಹತ್ತಿಸಿಕೊಂಡು ಮುಂದೆ ಹೋದೆವು. ಪಾಳಿ ತಪ್ಪಿತ್ತು. ಆ ವಾರ ಆಕೆ ಪಟ್ಟ ಪಾಡನ್ನು ನಾನು ಬರೆಯುವುದಿಲ್ಲ.

ಗುರುವಾರ ಸಂಜೆ ಮೇಸ್ತ್ರಿ ನನ್ನ ಮನೆಗೇ ಬಂದರು. ಕಣ್ಣು ಕುಳಿ ಬಿದ್ದಿದ್ದವು, ಗಡ್ಡ ಬೆಳೆದಿತ್ತು. ವ್ಯಾನಿನ ಕೀ ಸ್ವಿಚ್ಚನ್ನು, ಎಂದರೆ ನಾವು ಕೀಲಿ ತೂರಿಸಿ ತಿರುಗಿಸುವ ಭಾಗವನ್ನು, ಪೂರ್ತಿ ಹೊರಗೆಳೆದು ಬಿಚ್ಚಿದರು. ಒಳಗಿನ ತಾಮ್ರದ ತುಂಡುಗಳ ಮೇಲೆ ಹಳದಿ ಜಿಗುಟು ಕೂತಿತ್ತು. ಗಾಡಿ ಕುಲುಕಿದರೆ ಕರೆಂಟು ತಪ್ಪುವುದು, ಮತ್ತೆ ಕುಲುಕಿದರೆ ಸೇರುವುದು. ಬೆಳಗಿನ ಥಂಡಿಗೆ ಅದು ಇನ್ನಷ್ಟು ಗಟ್ಟಿ. ಮೇಸ್ತ್ರಿ ಅದನ್ನು ಉಗುರಿನಿಂದ ಕೆರೆದು ಮೂಸಿದರು.

"ಭಂಡಾರ" ಎಂದರು.

ಆಕೆಯ ತವರು ಹಡಗಲಿ ಕಡೆಯ ಇಟ್ಟಿಗಿ, ಕುರಿ ಸಾಕುವ ಮನೆತನ, ಮೈಲಾರಲಿಂಗನ ಒಕ್ಕಲು. ಬೆಳಿಗ್ಗೆ ಕುರಿ ಬಿಡುವಾಗ ಹಟ್ಟಿಯ ಅಗಳಿಗೆ ಒಂದು ಚಿಟಿಕೆ ಭಂಡಾರ ಹಾಕಿ ತೆಗೆಯುವುದು ಅವರ ಮನೆಯ ಪದ್ಧತಿಯಂತೆ. ಹೋದ ಹಿಂಡು ತಿರುಗಿ ಬರಲಿ ಎಂದು. ಆಕೆಯೂ ಪ್ರತಿ ಸಲ ವ್ಯಾನು ಹತ್ತುವ ಮೊದಲು ಮುಂದಿನ ಬಾಗಿಲಿಗೆ ಬಂದು, ಸೆರಗಿನ ಗಂಟು ಬಿಚ್ಚಿ, ಆ ಅರಿಶಿನದ ಪುಡಿಯನ್ನು ಕೀಲಿ ತೂರಿಸುವ ಬಾಯಿಗೆ ಹಾಕಿ ಕೈ ಮುಗಿಯುತ್ತಿದ್ದಳು. ನಾನೂ ನೋಡಿದ್ದೆ, ಮೇಸ್ತ್ರಿಯೂ ನೋಡಿದ್ದರು. ಗಾಡಿ ನಿಲ್ಲದಿರಲೆಂದು ಹಾಕಿದ್ದೇ ಗಾಡಿಯನ್ನು ನಿಲ್ಲಿಸುತ್ತಿದೆ ಎಂದು ಯಾರಿಗೆ ಹೊಳೆಯಬೇಕು?

"ಸಿಕ್ಕಿತಲ್ಲ, ಇನ್ನೇನು. ನಾಳೆ ತಂಗಿಗೆ ನಾನ ತಿಳಿಸಿ ಹೇಳ್ತೀನಿ" ಎಂದೆ. ಕಾರಣ ಸಿಕ್ಕರೆ ಕಾರಣವನ್ನು ತೆಗೆಯಬೇಕು. ನನಗೆ ಕಲಿಸಿದ್ದು ಅದು.

ಮೇಸ್ತ್ರಿ ತಲೆ ಎತ್ತಲಿಲ್ಲ. ಬಟ್ಟೆಯಿಂದ ತಾಮ್ರ ಒರೆಸುತ್ತಿದ್ದರು.

"ಹೇಳಬ್ಯಾಡ್ರಿ. ರೊಟ್ಟಿ ಬಡಿಯಾಕ ಆಗವಲ್ದು ಆಕೀಗೆ. ಕಸ ಹೊಡಿಯಾಕ ಆಗವಲ್ದು. ನೀರು ಸುದ್ದಾ ಅಳದು ಕೊಡ್ತೀವಿ. ಆಕೀ ಕೈಗೆ ಉಳದಿದ್ದು ಇದೊಂದ ಕೆಲಸ. ಇದನ್ನೂ ಕಸಗೊಳ್ಳಲೇನ್ರಿ?"

"ಮತ್ತ ಗಾಡಿ?"

"ಗಾಡಿಗೆ ನಾನದೀನಿ."

ಮೊದಲು ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಆ ಬಾಯಿಗೊಂದು ಮುಚ್ಚಳ ಮಾಡಿದರು, ಧೂಳಿಗೆಂದು ಹೇಳಿ. ಆಕೆ ಅದನ್ನು ಬೆರಳಿನಿಂದ ಸರಿಸಿ ಒಳಗೇ ಹಾಕಿದಳು. "ಬಾಯಿ ಮುಚ್ಚಿಕೊಂಡ್ರ ಪ್ರಸಾದ ಹೆಂಗ ಹೋಗ್ತೈತ್ರಿ ಅಣ್ಣಾರ?" ಎಂದು ನನ್ನನ್ನೇ ಕೇಳಿದಳು. ಮೇಸ್ತ್ರಿ ಮುಖ ಆಚೆ ತಿರುಗಿಸಿಕೊಂಡು ನಿಂತಿದ್ದರು.

ಅಲ್ಲಿಂದ ಮುಂದೆ ಸೋಮವಾರ ಮತ್ತು ಗುರುವಾರ ಸಂಜೆ ಶೆಡ್ಡು ಮುಚ್ಚಿ ನಮ್ಮ ಮನೆಗೆ ಬರುವುದು ಅವರ ಕ್ರಮವಾಯಿತು. ಸ್ವಿಚ್ಚು ಬಿಚ್ಚುವುದು, ಹಳದಿ ತೆಗೆಯುವುದು, ಪೆಟ್ರೋಲಿನಲ್ಲಿ ತೊಳೆಯುವುದು, ಊದಿ ಒಣಗಿಸುವುದು, ಮತ್ತೆ ಕೂರಿಸುವುದು. ಬೇಸಿಗೆ ಬಂತು, ಮಳೆ ಬಂತು, ಕ್ರಮ ತಪ್ಪಲಿಲ್ಲ. ಸೈನ್ಯದಲ್ಲಿ ಹೊಟ್ಟೆಪಾಡಿಗೆ, ಭಯಕ್ಕೆ ಕ್ರಮ ಪಾಲಿಸುವವರನ್ನು ಕಂಡಿದ್ದೆ. ಇದು ಬೇರೆ. ಕೆಲಸ ಮುಗಿದ ಮೇಲೆ ನನ್ನ ಹೆಂಡತಿ ಚಹಾ ತಂದರೆ ಕೈಯಲ್ಲಿ ಬಟ್ಟಲು ಹಿಡಿದೇ ತೂಕಡಿಸುತ್ತಿದ್ದರು. ಬೊಗಳೆ ನಿಂತಿತ್ತು. ಹಗಲು ಬೇರೆಯವರ ಕಾರಿನಲ್ಲಿ ಮಲಗುವುದೂ ನಿಂತಿತ್ತು. ವ್ಯಾನು ಮಾತ್ರ ಆ ರಸ್ತೆಯಲ್ಲಿ ಮತ್ತೊಮ್ಮೆ ನಿಲ್ಲಲಿಲ್ಲ.

"ನೋಡಿದ್ರೇನ, ನಿಮ್ಮ ಮೇಸ್ತ್ರಿ ಕೈಲೆ ಆಗಲಿಲ್ಲ. ನಮ್ಮಪ್ಪ ಮೈಲಾರಲಿಂಗ ಮಾಡಿದ" ಎಂದು ಆಕೆ ಹೆಮ್ಮೆಯಿಂದ ಹೇಳಿದಳು.

"ಹೌದು. ನನ್ನ ಕೈಲೆ ಎಲ್ಲಿ ಆಗ್ತಿತ್ತು" ಎಂದರು ಮೇಸ್ತ್ರಿ. ತಮ್ಮ ಕೆಲಸವನ್ನು ಬೇರೆಯವರ ಹೆಸರಿಗೆ ಅವರು ಬಿಟ್ಟುಕೊಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಕೊನೆಕೊನೆಗೆ ಆಕೆಗೆ ಮುಂದಿನ ಬಾಗಿಲಿನ ತನಕ ನಡೆಯಲಾಗಲಿಲ್ಲ. ಮೇಸ್ತ್ರಿ ಎತ್ತಿ ತಂದು ಹಾಸಿಗೆಯ ಮೇಲೆ ಮಲಗಿಸುತ್ತಿದ್ದರು. ಹಾಗೆ ಮಲಗಿಸಿದ ಮೊದಲ ದಿನ ಆಕೆ ಸೆರಗಿನ ಗಂಟು ಹಿಡಿದು ಅವರ ಮುಖ ನೋಡಿದಳು. ಅವರು ಗಂಟು ಬಿಚ್ಚಿ ಚಿಟಿಕೆ ತೆಗೆದುಕೊಂಡು ಮುಂದೆ ಬಂದರು. ಹಿಂದಿನ ಸಂಜೆ ತಾವೇ ತೊಳೆದು ಒಣಗಿಸಿದ್ದ ಸ್ವಿಚ್ಚಿನ ಬಾಯಿಗೆ, ಆಕೆಗೆ ಕಾಣುವಂತೆ ಮೈ ಸರಿಸಿ ನಿಂತು, ಅದನ್ನು ಹಾಕಿದರು. ಕಡಿಮೆಯನ್ನೂ ಹಾಕಲಿಲ್ಲ, ಹಾಕಿದಂತೆ ನಟಿಸಲೂ ಇಲ್ಲ. ನನ್ನ ಕಡೆ ನೋಡದೆ "ಹಚ್ರಿ" ಎಂದರು. ನಾನು ಗಾಡಿ ಹಚ್ಚಿದೆ.

ಮೇಸ್ತ್ರಿಯೂ ಈಗ ಇಲ್ಲ. ಹೆಂಡತಿ ಹೋದ ಮೇಲೆ ಕೆಲವು ವರ್ಷ ಶೆಡ್ಡು ನಡೆಸಿದರು. ಒಂದು ಮಧ್ಯಾಹ್ನ ಯಾರದೋ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿದವರು ಏಳಲಿಲ್ಲ. ಬಾಗಿಲು ತೆಗೆದ ಮಾಲೀಕ ಎಂದಿನ ನಿದ್ದೆ ಎಂದುಕೊಂಡು ಚಹಾ ಕುಡಿದು ಬರಲು ಹೋಗಿದ್ದನಂತೆ. ಈಗ ನನ್ನ ಹೆಂಡತಿಗೂ ಮರೆವಿನ ಕಾಯಿಲೆ ಹಿಡಿದು ನಾಲ್ಕು ವರ್ಷವಾಯಿತು. ಬೇಡದ್ದನ್ನು ಮಾಡಿ, ಇಟ್ಟದ್ದನ್ನು ಕೆಡಿಸಿ, ನನ್ನ ಕ್ರಮವನ್ನೆಲ್ಲ ಕಲಸಿಬಿಡುತ್ತಾಳೆ. ಮೊದಲ ವರ್ಷ ತಿದ್ದಿದೆ, ಗದರಿದೆ. ಈಗ ಆಕೆ ಮಲಗಿದ ಮೇಲೆ ಸುಮ್ಮನೆ ಎಲ್ಲವನ್ನೂ ಸರಿಮಾಡಿಡುತ್ತೇನೆ. ಇದನ್ನು ನನಗೆ ಕಲಿಸಿದವರು ಮೇಸ್ತ್ರಿ. ಕಲಿಸಿದ್ದು ಅವರಿಗೆ ಗೊತ್ತಿರಲಿಲ್ಲ.

ಅವರ ಹೆಂಡತಿಯ ಕೊನೆಯ ಪ್ರಯಾಣ ಒಂದು ಶುಕ್ರವಾರ. ಹೇಳಿದ ಹೊತ್ತಿಗೆ ಸರಿಯಾಗಿ ಮುಟ್ಟಿದೆವು, ಪಾಳಿಯೂ ಸಿಕ್ಕಿತು. ವಾಪಸು ಬರುವಾಗ ಮೇಸ್ತ್ರಿ ಹಿಂದೆಯೇ ಕೂತು ಆಕೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಹರಪನಹಳ್ಳಿ ದಾಟಿ ಸ್ವಲ್ಪ ದೂರ ಬಂದಿದ್ದೆವು. ನಾನು ಎಂದಿನ ವೇಗದಲ್ಲಿದ್ದೆ.

"ಮಿಲ್ಟ್ರಿಯವ್ರ, ನಿಧಾನ ಹೊಡಿರಿ" ಎಂದರು.

"ಯಾಕ, ಕುಲುಕಾಡ್ತೈತೇನು?"

"ಇಲ್ಲ. ಇನ್ನ ಅವಸರ ಇಲ್ಲ."

ಕನ್ನಡಿಯಲ್ಲಿ ನೋಡಲು ನನಗೆ ಧೈರ್ಯವಾಗಲಿಲ್ಲ. ವೇಗ ಇಳಿಸಿದೆ. ಜನ್ಮದಲ್ಲಿ ಅಷ್ಟು ನಿಧಾನವಾಗಿ ನಾನು ಯಾವ ಗಾಡಿಯನ್ನೂ ಓಡಿಸಿರಲಿಲ್ಲ. ಎರಡೂ ಬದಿಗೆ ಜೋಳದ ಹೊಲಗಳು, ಇಳಿಯುವ ಬಿಸಿಲು. ಸೈಕಲ್ಲಿನಲ್ಲಿ ಬರುತ್ತಿದ್ದ ಒಬ್ಬ ರೈತ ನಮ್ಮನ್ನು ದಾಟಿ ಮುಂದೆ ಹೋದ. ಹೋದವನು ಅನುಮಾನದಿಂದ ತಿರುಗಿ ನೋಡಿ, ಸೈಕಲ್ಲು ನಿಧಾನಿಸಿ, ಕಿಟಕಿಯ ಸಮಕ್ಕೆ ಬಂದ.

"ಗಾಡಿ ಕೆಟ್ಟೈತೇನ್ರಿ?"

ಹಿಂದಿನಿಂದ ಮೇಸ್ತ್ರಿಯೇ ಉತ್ತರ ಕೊಟ್ಟರು.

"ಇಲ್ಲಪ. ಗಾಡಿ ಆರಾಮ ಐತಿ."